ಬೆಕ್ಕು 30 ವರ್ಷ ಬದುಕಿದರೆ? ಹೆಚ್ಚಿದ ಆಯುಷ್ಯದ ಹೊಣೆ ಯಾರದು?

‘ಜಪಾನಿನ ವಿಜ್ಞಾನಿಗಳು ಬೆಕ್ಕಿನ ಆಯುಷ್ಯವನ್ನು ಎರಡು ಪಟ್ಟು ಮಾಡುವ ಇಂಜೆಕ್ಷನ್ ಕಂಡುಹಿಡಿದಿದ್ದಾರೆ, ಇನ್ನು ಮುಂದೆ ಬೆಕ್ಕುಗಳು 30 ವರ್ಷ ಬದುಕುತ್ತವೆ.’ 2021ರಿಂದ ಈಚೆಗೆ ಈ ಸುದ್ದಿ ಬೇರೆ ಬೇರೆ ರೂಪದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇದೆ. ಮನೆಯಲ್ಲಿ ಹನ್ನೆರಡು ವರ್ಷದ ಬೆಕ್ಕಿದ್ದು, ಅದು ದಿನದಿಂದ ದಿನಕ್ಕೆ ಸೊರಗುತ್ತಿದ್ದರೆ ಇಂಥ ಸುದ್ದಿಯನ್ನು ನಂಬಬೇಕು ಅನಿಸುವುದು ಸಹಜ.

ಈ ಸುದ್ದಿ ಪೂರ್ತಿ ಸುಳ್ಳಲ್ಲ. ಅದರ ಹಿಂದೆ ಗಟ್ಟಿಯಾದ ಸಂಶೋಧನೆ ಇದೆ. ಆದರೆ ‘30 ವರ್ಷ’ ಎಂಬುದು ಸಾಬೀತಾದ ಅಂಕಿಯಲ್ಲ, ಒಂದು ನಿರೀಕ್ಷೆ. ಇನ್ನೊಂದು ಪ್ರಶ್ನೆಯೂ ಇದೆ. ನಾಳೆ ಅದು ನಿಜವೇ ಆಯಿತು ಎಂದುಕೊಳ್ಳೋಣ. ಹೆಚ್ಚಾದ ಆ ಹದಿನೈದು ವರ್ಷಗಳನ್ನು ಬೆಕ್ಕು ಯಾರ ಮನೆಯಲ್ಲಿ, ಯಾವ ಸ್ಥಿತಿಯಲ್ಲಿ ಕಳೆಯುತ್ತದೆ? ಈ ಲೇಖನದಲ್ಲಿ ನಾವು ಎರಡನ್ನೂ ನೋಡೋಣ.

ಬೆಕ್ಕು ಈಗ ಎಷ್ಟು ವರ್ಷ ಬದುಕುತ್ತದೆ?

ಬ್ರಿಟನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು ಅಲ್ಲಿನ ಪಶುಚಿಕಿತ್ಸಾಲಯಗಳ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಕುಬೆಕ್ಕಿನ ಸರಾಸರಿ ನಿರೀಕ್ಷಿತ ಆಯುಷ್ಯ 11.7 ವರ್ಷ. ತಳಿಯಿಂದ ತಳಿಗೆ ಇದು ತುಂಬಾ ಬದಲಾಗುತ್ತದೆ. ಬರ್ಮೀಸ್ ತಳಿಗೆ ಸುಮಾರು 14.4 ವರ್ಷವಾದರೆ, ಕೂದಲಿಲ್ಲದ ಸ್ಫಿಂಕ್ಸ್ ತಳಿಗೆ ಸುಮಾರು 6.7 ವರ್ಷ ಮಾತ್ರ. ಬಹುಪಾಲು ಬೆಕ್ಕುಗಳು ಮನೆಯೊಳಗೇ ಇರುವ ಜಪಾನಿನಲ್ಲಿ ಸರಾಸರಿ 15 ವರ್ಷ ದಾಟಿದೆ. ದಾಖಲೆಯಲ್ಲಿರುವ ಅತಿ ದೀರ್ಘಾಯುಷಿ ಬೆಕ್ಕು ಅಮೆರಿಕದ ಟೆಕ್ಸಸ್‌ನ ‘ಕ್ರೀಮ್ ಪಫ್’. ಅದು 1967ರಲ್ಲಿ ಹುಟ್ಟಿ, 2005ರವರೆಗೆ, ಅಂದರೆ 38 ವರ್ಷ ಬದುಕಿತ್ತು. ಹಾಗಾಗಿ 30 ದಾಟುವುದು ಬೆಕ್ಕಿನ ದೇಹಕ್ಕೆ ಅಸಾಧ್ಯವೇನಲ್ಲ, ಅತ್ಯಂತ ಅಪರೂಪ ಅಷ್ಟೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಿಕೊಳ್ಳೋಣ. ಬೆಕ್ಕಿನ ಒಂದು ವರ್ಷ ಮನುಷ್ಯರ ಏಳು ವರ್ಷಕ್ಕೆ ಸಮ ಎಂಬ ಲೆಕ್ಕ ಸರಿಯಲ್ಲ. ಪಶುವೈದ್ಯರು ಸಾಮಾನ್ಯವಾಗಿ ಬಳಸುವ ಅಂದಾಜು ಬೇರೆ: ಬೆಕ್ಕಿನ ಮೊದಲ ವರ್ಷ ಮನುಷ್ಯರ 15 ವರ್ಷಕ್ಕೆ ಸಮ, ಎರಡು ತುಂಬುವಾಗ 24, ಆಮೇಲೆ ಪ್ರತಿ ವರ್ಷಕ್ಕೆ ನಾಲ್ಕು. ಈ ಲೆಕ್ಕದಲ್ಲಿ 15 ವರ್ಷದ ಬೆಕ್ಕು 76 ವರ್ಷದ ಅಜ್ಜಿ. 30 ವರ್ಷದ ಬೆಕ್ಕು? 136! ಯಾವ ಮನುಷ್ಯರೂ ಮುಟ್ಟದ ವಯಸ್ಸು ಅದು. ಈ ಅಂದಾಜನ್ನು ಅಷ್ಟು ದೂರ ಎಳೆಯುವುದು ಸರಿಯಲ್ಲ, ನಿಜ. ಆದರೆ ನಾವು ಎಂಥ ಮುದಿತನದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಇದರಿಂದ ಅರಿವಾಗುತ್ತದೆ.

ಆಯುಷ್ಯ ಇಲ್ಲಿಯವರೆಗೆ ಹೆಚ್ಚಿದ್ದು ಹೇಗೆ?

ಯಾವುದೋ ಒಂದು ಪವಾಡದ ಮದ್ದಿನಿಂದಲ್ಲ. ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಮನೆಯೊಳಗಿನ ಬದುಕು ಮತ್ತು ಸರಿಯಾದ ಆಹಾರ ಇವುಗಳಿಂದ. ಬೀದಿಗೆ ಹೋಗದ ಬೆಕ್ಕು ಗಾಡಿಯಡಿ ಸಿಗುವುದಿಲ್ಲ, ನಾಯಿಯ ಬಾಯಿಗೆ ಬೀಳುವುದಿಲ್ಲ, ಕಾದಾಟದಲ್ಲಿ ಸೋಂಕು ತಂದುಕೊಳ್ಳುವುದಿಲ್ಲ.

ಆಹಾರದ ಪಾತ್ರಕ್ಕೆ ಒಂದು ಒಳ್ಳೆಯ ಉದಾಹರಣೆ ಟಾರಿನ್. 1980ರ ದಶಕದಲ್ಲಿ ಪ್ಯಾಕೆಟ್ ಆಹಾರ ತಿನ್ನುತ್ತಿದ್ದ ಬೆಕ್ಕುಗಳಲ್ಲೂ ಹೃದಯ ಹಿಗ್ಗಿ ಸಾಯುವ ಕಾಯಿಲೆ ಕಾಣುತ್ತಿತ್ತು. ಟಾರಿನ್ ಎಂಬ ಪೋಷಕಾಂಶದ ಕೊರತೆಯೇ ಇದಕ್ಕೆ ಕಾರಣ, ಅದನ್ನು ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆ ಎಂದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿದರು. ಕಂಪನಿಗಳು ಆಹಾರದಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದವು. ಆ ಕಾಯಿಲೆ ಬಹುಮಟ್ಟಿಗೆ ಮಾಯವಾಯಿತು.

ನಮ್ಮ ಮನೆಗಳಿಗೂ ಇದರಲ್ಲಿ ಪಾಠವಿದೆ. ಬೆಕ್ಕು ಮಾಂಸಾಹಾರಿ. ಟಾರಿನ್ ಸಿಗುವುದು ಮಾಂಸ, ಮೀನುಗಳಲ್ಲಿ, ಅನ್ನದಲ್ಲಲ್ಲ. ಹಳ್ಳಿಯ ಮನೆಯಲ್ಲಿ ಹಾಲನ್ನ ತಿಂದ ಬೆಕ್ಕು ಅಟ್ಟದ ಮೇಲೆ ಇಲಿ ಹಿಡಿದು ತನಗೆ ಬೇಕಾದ್ದನ್ನು ಸರಿದೂಗಿಸಿಕೊಳ್ಳುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಆ ಅವಕಾಶ ಇಲ್ಲ. ಅಲ್ಲಿ ಬರೀ ಹಾಲನ್ನ, ಮೊಸರನ್ನ ಹಾಕಿ ಬೆಕ್ಕನ್ನು ಸಾಕಿದರೆ ಅದರ ಆಯುಷ್ಯಕ್ಕೇ ಕುತ್ತು.

ಜಪಾನಿನ ಸಂಶೋಧನೆ ಹೇಳುವುದೇನು?

ಮುದಿ ಬೆಕ್ಕುಗಳನ್ನು ಹೆಚ್ಚು ಕಾಡುವ ಕಾಯಿಲೆಗಳಲ್ಲಿ ಕಿಡ್ನಿ ವೈಫಲ್ಯ ಮುಖ್ಯವಾದುದು. ಕಿಡ್ನಿಯೊಳಗಿನ ಸೋಸುವ ಘಟಕಗಳಾದ ನೆಫ್ರಾನ್‌ಗಳು ಒಮ್ಮೆ ಹಾಳಾದರೆ ಮತ್ತೆ ಹುಟ್ಟುವುದಿಲ್ಲ. ಉಳಿದವು ಹೆಚ್ಚು ದುಡಿಯುತ್ತವೆ, ಬೇಗ ಸವೆಯುತ್ತವೆ. ಬಹುಭಾಗ ಹಾಳಾಗುವವರೆಗೂ ಹೊರಗೆ ಏನೂ ಗೊತ್ತಾಗುವುದಿಲ್ಲ. ‘ಈಚೆಗೆ ನಮ್ಮ ಬೆಕ್ಕು ಚೆನ್ನಾಗಿ ನೀರು ಕುಡಿಯುತ್ತಿದೆ’ ಎಂದು ಮನೆಯವರು ಖುಷಿಪಡುವುದುಂಟು. ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿದು, ಹೆಚ್ಚು ಮೂತ್ರ ಮಾಡಿ, ತೂಕ ಇಳಿಯುತ್ತಿದ್ದರೆ ಅದು ಕಿಡ್ನಿ ಸೋಲುತ್ತಿರುವ ಸೂಚನೆ ಇರಬಹುದು.

ಬೆಕ್ಕಿಗೇ ಯಾಕೆ ಇಷ್ಟೊಂದು ಕಿಡ್ನಿ ತೊಂದರೆ? ಟೋಕಿಯೊ ವಿಶ್ವವಿದ್ಯಾಲಯದಲ್ಲಿದ್ದ ತೋರು ಮಿಯಾಝಾಕಿ ಅವರ ತಂಡ 2016ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟಿತು. ನಮ್ಮ ರಕ್ತದಲ್ಲಿ ‘ಎಐಎಂ’ ಎಂಬ ಪ್ರೋಟೀನ್ ಇದೆ. ಅದು ಸಾಮಾನ್ಯವಾಗಿ ‘ಐಜಿಎಂ’ ಎಂಬ ದೊಡ್ಡ ಪ್ರತಿಕಾಯದ ಬೆನ್ನೇರಿ ಸುತ್ತುತ್ತಿರುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದಾಗ ಕೆಳಗಿಳಿದು ಕಿಡ್ನಿಯ ನಾಳಗಳಿಗೆ ಹೋಗಿ, ಅಲ್ಲಿ ಕಟ್ಟಿಕೊಂಡ ಸತ್ತ ಜೀವಕೋಶಗಳ ಕಸಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಗುರುತು ಹಚ್ಚಿದ ಕಸವನ್ನು ಉಳಿದ ಜೀವಕೋಶಗಳು ನುಂಗಿ ದಾರಿ ತೆರವು ಮಾಡುತ್ತವೆ. ಬೆಕ್ಕಿನಲ್ಲಿ ಈ ಎಐಎಂ ಪ್ರೋಟೀನ್ ಐಜಿಎಂಗೆ ಎಷ್ಟು ಬಿಗಿಯಾಗಿ ಅಂಟಿರುತ್ತದೆ ಎಂದರೆ, ಇಲಿಯಲ್ಲಿ ಇರುವುದಕ್ಕಿಂತ ಸುಮಾರು ಸಾವಿರ ಪಟ್ಟು ಗಟ್ಟಿ. ಬೇಕಾದಾಗ ಅದು ಬಿಡಿಸಿಕೊಂಡು ಬರುವುದೇ ಇಲ್ಲ. ಕಸ ಅಲ್ಲೇ ಉಳಿಯುತ್ತದೆ. ಹಾಗಾದರೆ ಹೊರಗಿನಿಂದ ಎಐಎಂ ಕೊಟ್ಟರೆ? ಮಿಯಾಝಾಕಿ ಅವರ ಔಷಧದ ಯೋಚನೆ ಇಷ್ಟೇ.

ಕೋವಿಡ್ ಕಾಲದಲ್ಲಿ ಈ ಸಂಶೋಧನೆಗೆ ಹಣ ನಿಂತುಹೋಯಿತು. ಆ ಸುದ್ದಿ 2021ರ ಜುಲೈನಲ್ಲಿ ಪ್ರಕಟವಾದಾಗ ಜಪಾನಿನ ಸಾವಿರಾರು ಬೆಕ್ಕುಪ್ರಿಯರು ವಿಶ್ವವಿದ್ಯಾಲಯಕ್ಕೆ ತಾವಾಗಿಯೇ ದೇಣಿಗೆ ಕಳಿಸತೊಡಗಿದರು. ಕೆಲವೇ ತಿಂಗಳಲ್ಲಿ ಅದು 20 ಕೋಟಿ ಯೆನ್ ದಾಟಿತು. ಅದೇ ವರ್ಷ ಮಿಯಾಝಾಕಿ ಅವರ ‘ಬೆಕ್ಕು 30 ವರ್ಷ ಬದುಕುವ ದಿನ’ ಎಂಬ ಅರ್ಥದ ಶೀರ್ಷಿಕೆಯ ಪುಸ್ತಕ ಬಂತು. ಮುಂದಿನ ವರ್ಷ ಅವರು ವಿಶ್ವವಿದ್ಯಾಲಯ ಬಿಟ್ಟು ಇದಕ್ಕೆಂದೇ ಸ್ವಂತ ಸಂಶೋಧನಾ ಸಂಸ್ಥೆ ತೆರೆದರು.

ಹಾಗಾದರೆ 30 ವರ್ಷದ ಮಾತು ನಿಜವೇ?

ಸರಳವಾಗಿ ಲೆಕ್ಕ ಹಾಕಿ ನೋಡಿ. ಬೆಕ್ಕಿನ ಎಐಎಂ ಹೀಗೆ ಕೆಲಸಕ್ಕೆ ಬರುವುದಿಲ್ಲ ಎಂಬ ವಿವರಣೆ ಬಂದದ್ದು 2016ರಲ್ಲಿ. ಅದೇ ವರ್ಷ ಹುಟ್ಟಿದ ಮರಿಗೆ ಔಷಧ ಶುರುಮಾಡಿದ್ದರೂ ಅದಕ್ಕೆ 30 ತುಂಬುವುದು 2046ಕ್ಕೆ. ಆದ್ದರಿಂದ ‘ಈ ಔಷಧದಿಂದ ಬೆಕ್ಕು 30 ವರ್ಷ ಬದುಕಿದೆ’ ಎಂದು ಇವತ್ತು ಯಾರೂ ಹೇಳಲು ಸಾಧ್ಯವಿಲ್ಲ. ಕಿಡ್ನಿ ಕೆಡದೇ ಇದ್ದರೆ ಬೆಕ್ಕು ಅಷ್ಟು ಕಾಲ ಬದುಕಬಹುದು ಎಂಬ ಊಹೆ ಅದು.

ಆ ಊಹೆಗೆ ಒಂದು ತೊಡಕಿದೆ. ಕಿಡ್ನಿ ಉಳಿದರೂ ಬೆಕ್ಕು ಸಾಯುವುದಕ್ಕೆ ಕ್ಯಾನ್ಸರ್, ಥೈರಾಯ್ಡ್, ಮಧುಮೇಹ, ಹೃದಯದ ಕಾಯಿಲೆಗಳು ಕಾದಿರುತ್ತವೆ. ಮನುಷ್ಯರ ಚರಿತ್ರೆಯಲ್ಲೂ ಹೀಗೇ ಆಯಿತು. ಸೋಂಕುರೋಗಗಳು ಹಿಡಿತಕ್ಕೆ ಬಂದ ಮೇಲೆ ಹೃದ್ರೋಗ, ಕ್ಯಾನ್ಸರ್ ಮುಂದೆ ಬಂದವು.

ಆದ್ದರಿಂದಲೇ ಬೆಕ್ಕಿನ ವೈದ್ಯ ಒಂದೊಂದೇ ಕಾಯಿಲೆಯನ್ನು ಹಿಡಿದು ಮುಂದೆ ಸಾಗುತ್ತಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಜನವರಿಯಲ್ಲಿ ಬೆಕ್ಕುಗಳ ಸಂಧಿವಾತದ ನೋವಿಗೆ ಫ್ರುನೆವೆಟ್‌ಮ್ಯಾಬ್ ಎಂಬ ಇಂಜೆಕ್ಷನ್‌ಗೆ ಅನುಮತಿ ಕೊಟ್ಟಿತು. ಕಿಡ್ನಿ ಕಾಯಿಲೆಯಿಂದ ಬರುವ ರಕ್ತಹೀನತೆಯ ಔಷಧಕ್ಕೆ 2023ರಲ್ಲಿ, ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯ ಆರಂಭದ ಹಂತಕ್ಕೆ ಕೊಡುವ ಸಿರೊಲಿಮಸ್ ಮಾತ್ರೆಗೆ 2025ರಲ್ಲಿ ಷರತ್ತಿನ ಅನುಮತಿ ಸಿಕ್ಕಿತು. ಸಿರೊಲಿಮಸ್ ಅಂಗಾಂಗ ಕಸಿ ಮಾಡಿಸಿಕೊಂಡ ಮನುಷ್ಯರಿಗೆ ಕೊಡುತ್ತ ಬಂದ ಔಷಧವೇ. ಇವು ಯಾವುವೂ ಆಯುಷ್ಯವನ್ನು ಎರಡು ಪಟ್ಟು ಮಾಡುವುದಿಲ್ಲ.

ಬದುಕುವ ವರ್ಷ, ನರಳುವ ವರ್ಷ

12 ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 90ರಲ್ಲಿ ಕೀಲು ಸವೆದ ಗುರುತುಗಳಿದ್ದವು. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಅದು ಕುಂಟುವುದಿಲ್ಲ, ಕೂಗುವುದಿಲ್ಲ. ಕಿಟಕಿಯ ಮೇಲೆ ಹಾರುವುದನ್ನು ನಿಲ್ಲಿಸುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ನಾವು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಇನ್ನೂ ಮುಂದೆ ಹೋದರೆ ಮರೆವು, ರಾತ್ರಿಯೆಲ್ಲ ಕಾರಣವಿಲ್ಲದೆ ಅರಚುವುದು, ಕಂಡಕಂಡಲ್ಲಿ ಗಲೀಜು ಮಾಡುವುದು ಶುರುವಾಗಬಹುದು. ಇದು ಹಟವಲ್ಲ. ಮನುಷ್ಯರ ಮರೆಗುಳಿ ಕಾಯಿಲೆಯನ್ನು ಹೋಲುವ ಮಿದುಳಿನ ಸವೆತ ಬೆಕ್ಕುಗಳಲ್ಲೂ ಇದೆ.

ಆದ್ದರಿಂದ ಎಷ್ಟು ವರ್ಷ ಎಂಬ ಪ್ರಶ್ನೆಯ ಜೊತೆಗೆ ಎಂಥ ವರ್ಷ ಎಂಬುದನ್ನೂ ಕೇಳಬೇಕು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಇದಕ್ಕಾಗಿ ಒಂದು ಅಳತೆಗೋಲನ್ನೇ ರೂಪಿಸಿದ್ದಾರೆ. ನೋವು, ಹಸಿವು, ಮೈಯ ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೊನೆಗೆ ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಈ ಏಳಕ್ಕೂ ಮನೆಯವರು ಅಂಕ ಕೊಡುತ್ತಾರೆ. ತಮಗಾಗಿ ಬೆಕ್ಕನ್ನು ಉಳಿಸಿಕೊಳ್ಳುತ್ತಿದ್ದೇವೆಯೇ, ಬೆಕ್ಕಿಗಾಗಿಯೇ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಲು ಇದು ನೆರವಾಗುತ್ತದೆ.

ಈ ಪ್ರಶ್ನೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕಿಡ್ನಿ ಕಸಿಯೇ ಸಾಕ್ಷಿ. ಅಮೆರಿಕದಲ್ಲಿ 1987ರಿಂದ ಬೆಕ್ಕುಗಳಿಗೂ ಕಿಡ್ನಿ ಕಸಿ ಮಾಡಲಾಗುತ್ತಿದೆ. ಕಿಡ್ನಿ ಕೊಡುವುದು ಆರೋಗ್ಯವಾಗಿರುವ ಇನ್ನೊಂದು ಎಳೆಯ ಬೆಕ್ಕು. ಅದು ಆಶ್ರಯಧಾಮದಿಂದ ಬಂದಿರಬಹುದು. ಕಿಡ್ನಿ ಪಡೆದವರು ಆ ಬೆಕ್ಕನ್ನೂ ಕೊನೆಯವರೆಗೆ ಸಾಕಬೇಕು ಎಂಬುದು ಷರತ್ತು. ಅನಾಥ ಬೆಕ್ಕಿಗೆ ಇದರಿಂದ ಮನೆ ಸಿಕ್ಕಿತು ಎನ್ನುವವರಿದ್ದಾರೆ. ಒಪ್ಪಿಗೆ ಕೊಡಲಾರದ ಜೀವದಿಂದ ಅಂಗ ತೆಗೆಯುವುದು ತಪ್ಪು ಎನ್ನುವವರೂ ಇದ್ದಾರೆ. ನಮಗೆ ಎರಡನೆಯ ಮಾತನ್ನು ತಳ್ಳಿಹಾಕುವುದು ಕಷ್ಟ ಅನಿಸುತ್ತದೆ.

ಸಾಕಿದವರಿಗಿಂತ ಹೆಚ್ಚು ಬದುಕಿದರೆ?

ಈಗ 60 ವರ್ಷದ ಒಬ್ಬರು ಮರಿಯೊಂದನ್ನು ಮನೆಗೆ ತಂದರೆ, ಬೆಕ್ಕಿನ ಆಯುಷ್ಯ 15 ಎಂದಾದರೆ ಕೊನೆಗೆ ಅವರಿಗೆ 75. ಆಯುಷ್ಯ 30 ಎಂದಾದರೆ 90. ಬೆಕ್ಕಿನ ಮುದಿತನವೂ ಅವರ ಮುದಿತನವೂ ಒಟ್ಟಿಗೆ ಬರುತ್ತವೆ. ದಿನಾ ಮಾತ್ರೆ ನುಂಗಿಸಬೇಕಾದ, ಚರ್ಮದಡಿ ಸಲೈನ್ ಏರಿಸಬೇಕಾದ ಹೊತ್ತಿಗೆ ಅವರ ಕೈಯೇ ನಡುಗುತ್ತಿರುತ್ತದೆ.

ಹದಿನೈದು ವರ್ಷದೊಳಗಿನ ಮಕ್ಕಳಿಗಿಂತ ಸಾಕು ನಾಯಿ-ಬೆಕ್ಕುಗಳೇ ಹೆಚ್ಚಿರುವ ಜಪಾನಿನಲ್ಲಿ ಇದು ಊಹೆಯ ಮಾತಲ್ಲ. ಪ್ರಾಣಿಯನ್ನು ಅದರ ಕೊನೆಯವರೆಗೂ ಸಾಕುವುದು ಮಾಲೀಕರ ಹೊಣೆ ಎಂದು ಅಲ್ಲಿನ ಪ್ರಾಣಿ ಕಲ್ಯಾಣ ಕಾನೂನಿಗೆ 2012ರಲ್ಲಿ ತಿದ್ದುಪಡಿ ತರಲಾಯಿತು. ಮುದಿಯಾಯಿತು, ಕಾಯಿಲೆ ಬಂತು ಎಂಬ ಕಾರಣಕ್ಕೆ ತಂದುಬಿಡುವ ಪ್ರಾಣಿಗಳನ್ನು ನಿರಾಕರಿಸುವ ಅಧಿಕಾರ ಸ್ಥಳೀಯ ಆಡಳಿತಗಳಿಗೆ ಸಿಕ್ಕಿತು. ಬೆಕ್ಕು ದತ್ತು ಕೊಡುವ ಅನೇಕ ಗುಂಪುಗಳು ವಯಸ್ಸಾದವರಿಗೆ ಮರಿ ಕೊಡಲು ಹಿಂಜರಿಯುತ್ತವೆ. ಮುದಿ ನಾಯಿ-ಬೆಕ್ಕುಗಳನ್ನು ನೋಡಿಕೊಳ್ಳುವ ಹಣಪಾವತಿಯ ಆಶ್ರಮಗಳೂ ಹುಟ್ಟಿಕೊಂಡಿವೆ. ಒಂಟಿ ವೃದ್ಧರಿಗೆ ಬೆಕ್ಕಿನ ಜೊತೆ ತುಂಬಾ ಬೇಕು. ಆಯುಷ್ಯ ಹೆಚ್ಚಿದಷ್ಟೂ ಅವರಿಗೆ ಬೆಕ್ಕು ಸಿಗುವುದು ಕಷ್ಟವಾಗಬಹುದು.

ಇದು ನಮಗೂ ದೂರದ ಮಾತಲ್ಲ. ಓದಲೆಂದೋ ಕೆಲಸಕ್ಕೆಂದೋ ಹೊರದೇಶಕ್ಕೆ ಹೋದ ಮಗಳ ಬೆಕ್ಕನ್ನು ಊರಿನಲ್ಲಿ ಅಪ್ಪ ಅಮ್ಮ ನೋಡಿಕೊಳ್ಳುವ ಮನೆಗಳು ನಮ್ಮಲ್ಲೂ ಇವೆ. ಇಪ್ಪತ್ತೈದರ ವಯಸ್ಸಿನಲ್ಲಿ ತಂದ ಬೆಕ್ಕು ಐವತ್ತೈದರವರೆಗೆ ಇರುತ್ತದೆ ಎಂದರೆ ಮದುವೆ, ಮಕ್ಕಳು, ಊರು ಬದಲಾವಣೆ, ಬಾಡಿಗೆ ಮನೆಯ ಮಾಲೀಕರ ತಕರಾರು ಎಲ್ಲವನ್ನೂ ಅದು ದಾಟಬೇಕು.

ಊರಿನ ಉಳಿದ ಬೆಕ್ಕುಗಳ ಕಥೆ

ಇದರ ಇನ್ನೊಂದು ಪರಿಣಾಮವನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ಬೆಕ್ಕು ಸಾಕುವ ಮನೆಗಳ ಸಂಖ್ಯೆ ಹೆಚ್ಚದೆ, ಪ್ರತಿ ಬೆಕ್ಕಿನ ಆಯುಷ್ಯ ಮಾತ್ರ ಎರಡು ಪಟ್ಟಾದರೆ ಏನಾಗುತ್ತದೆ? ಒಂದು ಮನೆಯಲ್ಲಿ ಹೊಸ ಮರಿಗೆ ಜಾಗ ಸಿಗುವುದು ಹದಿನೈದು ವರ್ಷಕ್ಕೊಮ್ಮೆ ಅಲ್ಲ, ಮೂವತ್ತು ವರ್ಷಕ್ಕೊಮ್ಮೆ. ಬೀದಿಯಲ್ಲಿ ಮರಿಗಳು ಹುಟ್ಟುವುದು ಮಾತ್ರ ನಿಲ್ಲುವುದಿಲ್ಲ. ಮನೆಗಳು ಹೆಚ್ಚಿದರೆ ಆಗ ಬೆಕ್ಕುಗಳ ಒಟ್ಟು ಸಂಖ್ಯೆಯೇ ಏರುತ್ತದೆ. ಎರಡರಲ್ಲಿ ಯಾವುದಾದರೂ, ಸಂತಾನಹರಣ ಚಿಕಿತ್ಸೆ ಜೊತೆಗೇ ನಡೆಯದಿದ್ದರೆ ಆಯುಷ್ಯದ ಲಾಭ ಮನೆಯೊಳಗಿನ ಬೆಕ್ಕಿಗೆ ಮಾತ್ರ. ಕಾಂಪೌಂಡಿನ ಆಚೆಗಿನ ಬೆಕ್ಕು ಹಿಂದಿನಂತೆಯೇ ಎಳೆಯದರಲ್ಲೇ ಸಾಯುತ್ತದೆ.

ಹಕ್ಕಿಗಳು ಮತ್ತು ಪರಿಸರ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯಲ್ಲಿ ಇಲಿಯ ಜೊತೆ ಹಕ್ಕಿಯನ್ನೂ ಸೇರಿಸಬೇಕು. 2013ರ ಒಂದು ಅಧ್ಯಯನದ ಅಂದಾಜಿನಂತೆ ಅಮೆರಿಕದಲ್ಲಿ ಹೊರಗೆ ತಿರುಗಾಡುವ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಹಾಗಾದರೆ ಬೆಕ್ಕಿನ ಆಯುಷ್ಯ ಹೆಚ್ಚಿಸುವುದು ಹಕ್ಕಿಗಳಿಗೆ ಸಾವು ತರುತ್ತದೆಯೇ? ನೇರವಾಗಿ ಹಾಗೆ ಹೇಳಲಾಗದು. ಅದೇ ಅಧ್ಯಯನದ ಪ್ರಕಾರ ಆ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮಾಲೀಕರಿಲ್ಲದ ಬೆಕ್ಕುಗಳು. ದೀರ್ಘಕಾಲ ಬದುಕುವುದು ಮನೆಯೊಳಗಿನ ಬೆಕ್ಕು. ಅದು ಬೇಟೆಗೆ ಹೋಗುವುದಿಲ್ಲ, ಮುದಿಯಾದ ಮೇಲಂತೂ ಆಗುವುದೂ ಇಲ್ಲ. ಇಲ್ಲಿ ಬೆಕ್ಕಿನ ಹಿತ ಮತ್ತು ಹಕ್ಕಿಯ ಹಿತ ಒಂದೇ ಕಡೆಗಿವೆ.

ಆಹಾರದ ವಿಷಯ ಬೇರೆ. ಮನೆಯೊಳಗಿನ ಬೆಕ್ಕು ಇಲಿಯ ಬದಲು ಪ್ಯಾಕೆಟ್ಟಿನ ಮಾಂಸ ತಿನ್ನುತ್ತದೆ. ಅಮೆರಿಕದಲ್ಲಿ ಮಾಂಸ ಉತ್ಪಾದನೆಯಿಂದ ಭೂಮಿ, ನೀರು, ಇಂಧನಗಳ ಮೇಲೆ ಬೀಳುವ ಹೊರೆಯಲ್ಲಿ ಸುಮಾರು 25ರಿಂದ 30 ಶೇಕಡಾ ಪಾಲು ನಾಯಿ-ಬೆಕ್ಕುಗಳ ಆಹಾರದ್ದು ಎಂದು ಗ್ರೆಗರಿ ಓಕಿನ್ 2017ರಲ್ಲಿ ಅಂದಾಜು ಮಾಡಿದರು. ಈ ಆಹಾರದ ದೊಡ್ಡ ಭಾಗ ಮನುಷ್ಯರು ತಿನ್ನದೆ ಬಿಟ್ಟ ಕರುಳು, ಯಕೃತ್ತು ಮುಂತಾದ ಉಳಿಕೆ, ಆದ್ದರಿಂದ ಈ ಅಂದಾಜು ಹೆಚ್ಚಾಯಿತು ಎಂಬ ಟೀಕೆಯೂ ಇದೆ. ಏನೇ ಇರಲಿ, ಎರಡು ಪಟ್ಟು ಬದುಕುವ ಬೆಕ್ಕು ಸುಮಾರು ಎರಡು ಪಟ್ಟು ತಿನ್ನುತ್ತದೆ.

ಈಗ ನಾವು ಏನು ಮಾಡಬಹುದು?

ಆಯುಷ್ಯ ಹೆಚ್ಚಿಸುವ ಔಷಧ ಬರುವವರೆಗೆ ಕಾಯದೆ, ಇರುವ ಆಯುಷ್ಯವನ್ನು ಚೆನ್ನಾಗಿಸಲು ಸಾಧ್ಯವಿದೆ.

- ಹತ್ತು ವರ್ಷ ದಾಟಿದ ಬೆಕ್ಕಿಗೆ ಆರು ತಿಂಗಳಿಗೊಮ್ಮೆ ತೂಕ, ರಕ್ತ, ಮೂತ್ರ, ರಕ್ತದೊತ್ತಡ ಪರೀಕ್ಷೆ ಮಾಡಿಸಿ. ಕಿಡ್ನಿ ತೊಂದರೆ ಬೇಗ ಗೊತ್ತಾದರೆ ಆಹಾರ ಬದಲಿಸಿಯೇ ಅದರ ವೇಗ ತಗ್ಗಿಸಬಹುದು.
- ಮನುಷ್ಯರ ಮಾತ್ರೆಯನ್ನು ಎಂದೂ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.
- ಲಿಲ್ಲಿ ಹೂವಿನ ಗಿಡಗಳನ್ನು ಬೆಕ್ಕಿರುವ ಮನೆಯಲ್ಲಿ ಇಡಬೇಡಿ. ಅದರ ಎಲೆ, ಹೂವು, ಪರಾಗ ಎಲ್ಲವೂ ಬೆಕ್ಕಿನ ಕಿಡ್ನಿಗೆ ವಿಷ.
- ಸಂತಾನಹರಣ ಚಿಕಿತ್ಸೆ ಮಾಡಿಸಿ. ಸಾಧ್ಯವಾದರೆ ಬೀದಿಯ ಒಂದು ಬೆಕ್ಕಿಗೂ ಮಾಡಿಸಿ.
- ನಿಮ್ಮ ನಂತರ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಈಗಲೇ ಒಬ್ಬರ ಜೊತೆ ಮಾತಾಡಿಡಿ.
- ವಯಸ್ಸಾದ ಅಪ್ಪ ಅಮ್ಮನಿಗೆ ಜೊತೆ ಬೇಕೆಂದರೆ ಮರಿಯ ಬದಲು ಎಂಟು ಹತ್ತು ವರ್ಷದ ಬೆಕ್ಕನ್ನು ತನ್ನಿ. ಇಂಥ ಬೆಕ್ಕುಗಳನ್ನು ಯಾರೂ ಕೇಳುವುದಿಲ್ಲ. ಅವು ಶಾಂತವಾಗಿಯೂ ಇರುತ್ತವೆ.

ಎಐಎಂ ಔಷಧ ಯಶಸ್ವಿಯಾಗಲಿ ಎಂದೇ ನಾವು ಬಯಸುತ್ತೇವೆ. ಕಿಡ್ನಿ ಸೋತ ಬೆಕ್ಕಿನ ಕೊನೆಯ ವಾರಗಳನ್ನು ಹತ್ತಿರದಿಂದ ಕಂಡ ಯಾರೂ ಬೇಡ ಎನ್ನಲಾರರು. ಆದರೆ ಆಯುಷ್ಯ ಹೆಚ್ಚಿಸುವ ಕೆಲಸ ಪ್ರಯೋಗಾಲಯದಲ್ಲಿ ಮುಗಿಯುವುದಿಲ್ಲ. ಔಷಧ ಕೊಡುವ ಪ್ರತಿ ವರ್ಷಕ್ಕೂ ಯಾರಾದರೂ ಬಟ್ಟಲು ತೊಳೆದು ಊಟ ಹಾಕಬೇಕು, ಅದರ ಮರಳಿನ ತಟ್ಟೆ ಬದಲಿಸಬೇಕು, ಡಾಕ್ಟರ ಬಳಿ ಕರೆದೊಯ್ಯಬೇಕು. ಮರಿಯನ್ನು ಮನೆಗೆ ತರುವ ದಿನವೇ ಮನೆಯವರೆಲ್ಲ ಕೂತು ಈ ಲೆಕ್ಕ ಹಾಕಿಕೊಂಡರೆ ಒಳ್ಳೆಯದು.